ಉಜ್ಜಿಹೋದ ಗೆರೆ

ಕಪಿಲಾ ನದಿಯ ದಂಡೆಯಲ್ಲಿ ಹಳೆಯ ಶೆಡ್ಡೊಂದಿತ್ತು. ಒಂದು ಕಾಲಕ್ಕೆ ಅಲ್ಲಿ ಅಕ್ಕಿ ಗಿರಣಿ ನಡೆಯುತ್ತಿತ್ತು. ಗಿರಣಿ ನಿಂತ ಮೇಲೆ ಸೋಮಾರಾಧ್ಯರು ಬಂದು ಕೂತರು.

ಜನ ಅದನ್ನು ಆಶ್ರಮ ಎಂದು ಕರೆಯುತ್ತಿದ್ದರು. ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ಅಲ್ಲಿ ಕಾರು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ರಿಪೇರಿಯ ಮಾತೂ ಇಲ್ಲ. ತಂದು ನಿಲ್ಲಿಸಬಹುದು, ಅಷ್ಟೆ. ಆರಾಧ್ಯರು ನೋಡುತ್ತಿದ್ದರು. ನೋಡಿ, ಈ ಕಾರು ತಾನು ಯಾರೆಂದು ಹೇಳಿಕೊಳ್ಳುತ್ತಿದೆಯೋ ಅದು ಹೌದೋ ಅಲ್ಲವೋ ಹೇಳುತ್ತಿದ್ದರು.

ಹಳೆಯ ವಿದೇಶಿ ಕಾರುಗಳ ವ್ಯಾಪಾರದಲ್ಲಿ ಆ ಒಂದು ಮಾತಿಗಿದ್ದ ತೂಕ ಬೇರೆ ಯಾವುದಕ್ಕೂ ಇರಲಿಲ್ಲ. ಅವರು ಹೌದು ಎಂದರೆ ಯಜಮಾನ ಎದೆ ಸೆಟೆಸಿಕೊಂಡು ಹೋಗುತ್ತಿದ್ದ. ಅಲ್ಲ ಎಂದರೆ ಟಾರ್ಪಾಲು ಹೊದಿಸಿ, ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸಾಗುತ್ತಿದ್ದ.

ಆರಾಧ್ಯರು ಬದುಕಿಡೀ ವಿಮೆ ಕಂಪನಿಗೆ ಅಪಘಾತದ ಕಾರುಗಳನ್ನು ಪರೀಕ್ಷಿಸಿ ಕೊಟ್ಟವರು. ಮನುಷ್ಯರು ಹೇಳುವುದನ್ನು ಒಂದು ಕಿವಿಯಲ್ಲಿ ಕೇಳುತ್ತ, ತಗಡು ಹೇಳುವುದನ್ನು ಎರಡು ಕಣ್ಣಲ್ಲಿ ನೋಡುತ್ತ ಅವರ ತಲೆ ಬೆಳ್ಳಗಾಗಿತ್ತು.

ಅವರ ಶಿಷ್ಯನ ಹೆಸರು ಧರಣೇಂದ್ರ.

ಶಿಷ್ಯ ಎಂದರೆ ಎಳೆಯನಲ್ಲ. ಮೀಸೆಯಲ್ಲಿ ನರೆ, ಸೊಂಟದಲ್ಲಿ ಬೊಜ್ಜು, ಮೈಸೂರಿನಲ್ಲಿ ಹಳೆ ಕಾರುಗಳ ಅಂಗಡಿ. ಅಸಲಿಯೆಂದು ತಾನೂ ನಂಬಿ, ಗಿರಾಕಿಯನ್ನೂ ನಂಬಿಸಿ, ಒಂದು ನಕಲಿ ಮಾಲು ಮಾರಿದ್ದ. ಗುಟ್ಟು ರಟ್ಟಾದ ಮೇಲೆ ಪೇಟೆಯಲ್ಲಿ ತಲೆಯೆತ್ತುವುದು ಕಷ್ಟವಾಗಿತ್ತು. ಆಮೇಲೆ ಈ ದಂಡೆಗೆ ಬಂದಿದ್ದ.

ಬಂದಾಗ ಆರಾಧ್ಯರು ಕೇಳಿದ್ದರು:

"ಏನು ಕಲೀಬೇಕಯ್ಯಾ?"

"ಅಸಲಿ ಯಾವುದು, ನಕಲಿ ಯಾವುದು ಅಂತ, ಗುರುಗಳೇ."

"ಕಲಿತು?"

"ನಕಲಿ ಮಾಲನ್ನ ಕೊಳ್ಳಬಾರದು."

"ಮಾರಬಹುದಾ?"

ಧರಣೇಂದ್ರ ಬಾಯಿ ತೆರೆದ. ಮುಚ್ಚಿದ. ನದಿಯ ಕಡೆ ನೋಡಿದ.

"ಸುಳ್ಳು ಹೇಳೋ ಬದಲು ಸುಮ್ಮನಾದೆಯಲ್ಲ," ಎಂದರು ಆರಾಧ್ಯರು. "ಇರು. ಊಟ ಇಲ್ಲೇ ಮಾಡು."

ಹಾಗೆ ಉಳಿದ. ವಾರದಲ್ಲಿ ಅರ್ಧ ಅಂಗಡಿಗೆ, ಅರ್ಧ ಆಶ್ರಮಕ್ಕೆ.

ಗುರುಗಳು ಪಾಠ ಎಂದು ಏನನ್ನೂ ಹೇಳುತ್ತಿರಲಿಲ್ಲ. ಒಮ್ಮೆ ಒಬ್ಬ ಸಾಹುಕಾರ ಕನ್ನಡಿಯ ಹಾಗೆ ಹೊಳೆಯುವ ಕಾರು ತಂದ. ಅದರ ಅಂದಕ್ಕೆ ಧರಣೇಂದ್ರನ ಬಾಯಲ್ಲಿ ನೀರೂರಿತು. ಆರಾಧ್ಯರು ಬಾನೆಟ್ ಎತ್ತಿಸಿ, ಒಂದು ಬಿಡಿಭಾಗದ ಮೇಲೆ ಎರಕದಲ್ಲೇ ಮೂಡಿದ್ದ ತಾರೀಖನ್ನು ಓದಿದರು. ಕಾರು ತಯಾರಾಯಿತು ಎನ್ನುವ ತಾರೀಖಿಗಿಂತ ಅದು ಈಚಿನದು.

"ಇದು ಕಾರ್ಖಾನೆಯಿಂದಲೇ ಹೀಗೇ ಬಂದದ್ದು, ಏನೂ ಬದಲಾಗಿಲ್ಲ ಅಂತೀರಲ್ಲ?"

"ಒಂದು ಬೋಲ್ಟೂ ಬದಲಾಗಿಲ್ಲ, ಸ್ವಾಮಿ."

"ಹಾಗಾದರೆ ಇಲ್ಲಿ ಮಗಳು ಹುಟ್ಟಿದ ಮೇಲೆ ತಾಯಿ ಹುಟ್ಟಿದ್ದಾಳೆ. ಬಾಣಂತನ ಯಾರು ಮಾಡಿದರೋ ಕೇಳಿಕೊಂಡು ಬನ್ನಿ."

ಸಾಹುಕಾರ ಟಾರ್ಪಾಲು ಹುಡುಕಿದ. ಧರಣೇಂದ್ರ ಆವತ್ತಿಡೀ ಗುರುಗಳ ಮುಖವನ್ನೇ ನೋಡಿದ. ಇಂಥ ಕಣ್ಣು ತನಗಿದ್ದರೆ ಪೇಟೆಯಲ್ಲಿ ಮತ್ತೆ ತಲೆಯೆತ್ತಬಹುದು ಎನ್ನಿಸಿತು. ಇಂಥ ಕಣ್ಣಿಟ್ಟುಕೊಂಡು ಈ ಮನುಷ್ಯ ಪೇಟೆಯ ಕಡೆ ತಲೆಹಾಕುವುದಿಲ್ಲವಲ್ಲ ಎಂದು ಬೆರಗೂ ಆಯಿತು.

ಹೀಗಿರುವಾಗ ದೇಚಮ್ಮ ಬಂದಳು.

ಬಂದದ್ದು ಮೊದಲು ಅವಳಲ್ಲ, ಸದ್ದು. ದಂಡೆಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಎಂಟು ಸಿಲಿಂಡರಿನ ಎಂಜಿನ್ನು, ಎರಡೇ ಬಾಗಿಲು, ಉದ್ದ ಮೂತಿ, ಹಲಸಿನ ತೊಳೆಯ ಬಣ್ಣ. ಅಮೆರಿಕದವರು ಮಸಲ್ ಕಾರ್ ಎನ್ನುವ ಜಾತಿ. ನಿಂತಲ್ಲೇ ಗುಟುರು ಹಾಕುವ, ಕಟ್ಟಿದ ಹೋರಿಯಂಥ ಕಾರು.

ಸ್ಟೀರಿಂಗ್ ಹಿಡಿದಿದ್ದವಳು ಐವತ್ತು ದಾಟಿದ ಕೊಡಗಿನ ಹೆಂಗಸು.

"ಇದು ನನ್ನಪ್ಪ ಮೇದಪ್ಪನ ಕಾರು," ಎಂದಳು, ಇಳಿಯುತ್ತಲೇ. "ಮಿಲಿಟರಿಯಿಂದ ಬಂದ ಮೇಲೆ ಹಳೇ ವಿಮಾನ ನಿಲ್ದಾಣಗಳ ರನ್‌ವೇಗಳಲ್ಲಿ ಇದರಲ್ಲೇ ರೇಸ್ ಓಡಿಸುತ್ತಿದ್ದರು. ಈಗ ಪುಣೆಯಲ್ಲಿ ಒಬ್ಬರು ತಮ್ಮ ಹತ್ತಿರವೂ ಮೇದಪ್ಪನ ಕಾರು ಇದೆ ಅಂತಾರೆ."

"ನಿಮ್ಮ ತಂದೆಗೆ ಎರಡು ಕಾರಿತ್ತಾ?" ಎಂದರು ಆರಾಧ್ಯರು.

"ಎರಡು ಕೋವಿ ಇತ್ತು. ಕಾರು ಒಂದೇ."

ಎರಡು ಕಾರಿನ ಮೇಲೂ ಒಂದೇ ಎಂಜಿನ್ ನಂಬರು. ಎರಡು ಕಡೆಯೂ ಕಾಗದಪತ್ರ. ಹಳೆ ಕಾರುಗಳ ಸಂಘದವರು ಮೈಸೂರಿನಲ್ಲಿ ಮೆರವಣಿಗೆ ಇಟ್ಟುಕೊಂಡಿದ್ದರು. ಮೇದಪ್ಪನ ಕಾರಿಗೆ ಎಲ್ಲಕ್ಕಿಂತ ಮುಂದೆ ಹೋಗುವ ಮರ್ಯಾದೆ. ಯಾವುದು ಆ ಕಾರು ಎನ್ನುವುದನ್ನು ಆರಾಧ್ಯರೇ ಹೇಳಬೇಕೆಂದು ಸಂಘ ತೀರ್ಮಾನಿಸಿತ್ತು.

"ಮೆರವಣಿಗೆ ಹಾಳಾಗಲಿ," ಎಂದಳು ದೇಚಮ್ಮ. "ಅಪ್ಪ ಹೋದ ಮೇಲೆ ಇದನ್ನ ನಾನೊಬ್ಬಳೇ ಓಡಿಸಿದ್ದೀನಿ. ಈಗ ಊರವರೆಲ್ಲ ಮೇದಪ್ಪನ ಮಗಳ ಡೂಪ್ಲಿಕೇಟ್ ಕಾರು ಅಂತ ನಗ್ತಾರೆ. ಇದು ನಕಲಿ ಅಂತಾದರೆ, ಇಷ್ಟು ವರ್ಷ ಅಪ್ಪ ಜೊತೆಗಿದ್ದಾರೆ ಅಂದುಕೊಂಡು ನಾನು ಯಾರ ಪಕ್ಕ ಕೂತಿದ್ದೆ, ಹೇಳಿ?"

ಆರಾಧ್ಯರು ಎದ್ದರು. ಕಾರಿನ ಸುತ್ತ ಒಂದು ಬಾರಿ ನಡೆದು ಬಂದರು.

"ಬಿಟ್ಟು ಹೋಗಿ. ಮೊದಲು ಪುಣೆಗೆ ಹೋಗಿ ಅದನ್ನ ನೋಡುತ್ತೇನೆ. ಆಮೇಲೆ ಇದು."

ಹೊರಡುವಾಗ ಶಿಷ್ಯನಿಗೆ ಹೇಳಿದ್ದು ಒಂದೇ ಮಾತು.

"ಇದನ್ನ ಮುಟ್ಟಬೇಡ."

ಧರಣೇಂದ್ರ ಮುಟ್ಟಲಿಲ್ಲ. ನೋಡಿದ. ನೋಡಿದಷ್ಟೂ ಆ ಕಾರಿನ ಮೇಲೆ ಪ್ರೀತಿ ಹೆಚ್ಚಿತು. ದೇಚಮ್ಮ ಬಾಗಿಲು ಹಾಕಿದಾಗ ಕೇಳಿದ ಗಟ್ಟಿ ಸದ್ದು, ಸವೆದು ನುಣುಪಾದ ಸ್ಟೀರಿಂಗು, ಒಂದೇ ಕಡೆ ಬಣ್ಣ ಮಾಸಿದ ಸೀಟು. ಎಷ್ಟೋ ಕಾರು ಮಾರಿದ್ದವನು. ಇದು ಸಾಚಾ ಎಂದು ಅವನ ಒಳಮನಸ್ಸೇ ಹೇಳುತ್ತಿತ್ತು.

ತೊಂದರೆ ಎಂದರೆ ನಂಬರು. ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನಿಂದ ಈಚೆಗೆ ಚಾಚಿಕೊಂಡ ಪುಟ್ಟ ಪಟ್ಟಿಯ ಮೇಲೆ ಅದನ್ನು ಹೊಡೆದಿದ್ದರು. ಪಟ್ಟಿಯ ತುಂಬ ತುಕ್ಕು, ಗ್ರೀಸು. ಒಂದು ಅಂಕಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ.

ಮಾಲನ್ನು ಗಿರಾಕಿಯ ಮುಂದಿಡುವ ಮೊದಲು ಒರೆಸಿಡುವುದು ಅವನಿಗೆ ಉಸಿರಾಟದಷ್ಟು ರೂಢಿ. ಅಪ್ಪನ ಅಂಗಡಿಯಲ್ಲಿ ಕಲಿತದ್ದು. ಗುರುಗಳು ಬಂದಾಗ ನಂಬರು ಹಗಲಿನಷ್ಟು ಸ್ಪಷ್ಟವಾಗಿರಲಿ ಎಂದುಕೊಂಡ. ಒರೆಸುವುದೇನು ಮುಟ್ಟಿದ ಲೆಕ್ಕವೇ?

ಬಟ್ಟೆಯಿಂದ ಒರೆಸಿದ. ಗ್ರೀಸು ಹೋಯಿತು, ತುಕ್ಕು ಹೋಗಲಿಲ್ಲ. ಲೋಹ ಉಜ್ಜುವ ಒರಟು ಎಮರಿ ಪೇಪರ್ ತಂದ.

ಉಜ್ಜಿದ. ಪಟ್ಟಿ ಬೆಳ್ಳಿಯ ಹಾಗೆ ಬೆಳಗಿತು. ಅಂಕಿಗಳೆಲ್ಲ ಎದ್ದು ನಿಂತವು. ಮೂರು, ಎಂಟಲ್ಲ, ಕಾಗದದಲ್ಲಿದ್ದ ಹಾಗೇ. ಕೊನೆಯದು ಏಳು. ಧರಣೇಂದ್ರ ಹಿಂದೆ ಸರಿದು ನೋಡಿ ತೃಪ್ತಿಪಟ್ಟ.

ಆರಾಧ್ಯರು ಬಂದರು. ಕೈಕಾಲು ತೊಳೆದು, ಕಾಫಿ ಕುಡಿದು, ಭೂತಗನ್ನಡಿ ಹಿಡಿದು ಬಾಗಿದರು.

ಬಾಗಿದವರು ಬಹಳ ಹೊತ್ತು ಏಳಲಿಲ್ಲ.

"ಯಾರು?" ಎಂದರು.

"ನಾನೇ, ಗುರುಗಳೇ."

"ಯಾತರಲ್ಲಿ?"

"ಎಮರಿ ಪೇಪರಲ್ಲಿ. ತುಕ್ಕಲ್ಲಿ ನಂಬರ್ ಕಾಣ್ತಿರಲಿಲ್ಲ. ಈಗ ಕಾಣ್ತಿದೆ."

"ಹೌದು," ಎಂದರು ಆರಾಧ್ಯರು. "ಈಗ ನಂಬರ್ ಮಾತ್ರ ಕಾಣ್ತಿದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಧರಣೇಂದ್ರನಿಗೆ ಭಯವಾಯಿತು.

"ಕೂತುಕೋ," ಎಂದರು. "ಕಾರ್ಖಾನೆಯಲ್ಲಿ ಎರಕದ ಬ್ಲಾಕನ್ನ ಯಂತ್ರ ಹೆರೆಯುತ್ತೆ. ಹೆರೆದಾಗ ಕೂದಲೆಳೆಯಂಥ ಗೆರೆ ಬೀಳುತ್ತೆ, ಪಕ್ಕಪಕ್ಕ, ಬಾಚಿದ ಹಾಗೆ. ಆ ಗೆರೆಗಳ ಮೇಲೆ ನಂಬರ್ ಹೊಡೀತಾರೆ. ಮೋಸಗಾರ ಏನು ಮಾಡ್ತಾನೆ?"

"ಹಳೇ ನಂಬರ್ ಉಜ್ಜಿ ಹೊಸದು ಹೊಡೀತಾನೆ."

"ಉಜ್ಜಿದಾಗ?"

ಧರಣೇಂದ್ರ ಹೊಳೆಯುತ್ತಿದ್ದ ಪಟ್ಟಿಯ ಕಡೆ ನೋಡಿದ.

"ಗೆರೆ ಹೋಗುತ್ತೆ."

"ಪುಣೆಯ ಕಾರಿನಲ್ಲಿ ಗೆರೆಗಳಿವೆ. ಚೆನ್ನಾಗಿವೆ. ನನ್ನ ಕಣ್ಣಿಗೆ ಸ್ವಲ್ಪ ಹೆಚ್ಚೇ ಚೆನ್ನಾಗಿವೆ. ಆದರೆ ಇವೆ. ಇಲ್ಲಿ ಇಲ್ಲ. ಈಗ ಯಾರು ಬಂದು ನೋಡಿದರೂ ಮೋಸದ ನಂಬರು ಇರೋದು ದೇಚಮ್ಮನ ಕಾರಲ್ಲಿ."

ನದಿಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಗುರುಗಳೇ," ಎಂದ ಧರಣೇಂದ್ರ, ಕೊನೆಗೆ. ವ್ಯಾಪಾರಿಯ ತಲೆ, ಎಷ್ಟು ಹೊತ್ತು ಸುಮ್ಮನಿದ್ದೀತು? "ನನಗೆ ಗೊತ್ತಿರುವವನೊಬ್ಬ ಇದ್ದಾನೆ. ಕೈ ಅಂದರೆ ಅಂಥ ಕೈ. ಗೆರೆ ಎಳೆದುಕೊಡ್ತಾನೆ."

"ಎಳೆಸೋಣ ಅಂತೀಯಾ?"

"ಇಲ್ಲದ್ದನ್ನ ಹಾಕ್ತಿಲ್ಲವಲ್ಲ? ಇದ್ದದ್ದನ್ನೇ ವಾಪಸು ಹಾಕೋದು. ಕಾರಂತೂ ಸಾಚಾ. ಸುಳ್ಳು ಎಲ್ಲಿ ಬಂತು?"

ಆರಾಧ್ಯರು ಎದ್ದು ಮೂಲೆಯಿಂದ ಒಂದು ಕಬ್ಬಿಣದ ತುಂಡು ತಂದರು. ಹೆರೆಯುವ ಉಳಿಯನ್ನೂ ತಂದರು.

"ಅವನು ಯಾಕೆ, ನಿನ್ನದೂ ಒಳ್ಳೇ ಕೈಯೇ. ಎಳಿ, ನೋಡೋಣ."

ಧರಣೇಂದ್ರ ಎಳೆದ. ಮೈಯೆಲ್ಲ ಕಣ್ಣಾಗಿ, ನಾಲಗೆ ಕಚ್ಚಿಕೊಂಡು, ಅಳತೆಪಟ್ಟಿ ಇಟ್ಟು ಎಳೆದ. ಮುಗಿದಾಗ ಅವನಿಗೇ ಹೆಮ್ಮೆಯಾಯಿತು.

"ಇಟ್ಟು ಹೋಗು. ನದಿಯಲ್ಲಿ ಮುಖ ತೊಳೆದುಕೊಂಡು ಬಾ."

ಬಂದಾಗ ಮೇಜಿನ ಮೇಲೆ ಸಾಲಾಗಿ ಕೆಲವು ತುಂಡುಗಳಿದ್ದವು. ಎಲ್ಲಕ್ಕೂ ಒಂದೇ ಥರ ಮಸಿ ಸವರಿತ್ತು. ಪಕ್ಕದಲ್ಲಿ ಭೂತಗನ್ನಡಿ.

"ಈಗ ನೀನು ಪರೀಕ್ಷಕ," ಎಂದರು ಆರಾಧ್ಯರು. "ಯಾವುದು ಯಂತ್ರದ್ದು, ಯಾವುದು ಕೈಯದು?"

ಧರಣೇಂದ್ರ ಬಾಗಿದ. ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ. ಮೂರನೆಯದರ ಮೇಲೆ ಕನ್ನಡಿ ನಿಂತಿತು.

"ಇದು ಕೈಯದು."

"ಹೇಗೆ ಗೊತ್ತಾಯಿತು?"

"ಹೇಗೆ ಅಂದರೆ..." ಅವನು ಮಾತು ಹುಡುಕಿದ. "ಯಂತ್ರಕ್ಕೆ ಯಾರನ್ನೂ ನಂಬಿಸೋದು ಬೇಕಾಗಿರಲ್ಲ. ಸುಮ್ಮನೆ ಹೆರೆದು ಮುಂದೆ ಹೋಗುತ್ತೆ. ಇದನ್ನ ಎಳೆದವನು ಪ್ರತಿ ಗೆರೇಲೂ ನೋಡುವವನ ಮುಖ ನೋಡಿಕೊಂಡೇ ಎಳೆದಿದ್ದಾನೆ."

"ಇವನ ಕಾರಿಗೆ ನೀನು ಹೌದು ಅಂತ ಬರೆದುಕೊಡ್ತೀಯಾ?"

ಧರಣೇಂದ್ರ ತಾನೇ ಎಳೆದ ಆ ತುಂಡನ್ನು ಕೆಳಗಿಟ್ಟ. ಮಸಿ ಅವನ ಬೆರಳಿಗೆಲ್ಲ ಮೆತ್ತಿತ್ತು.

"ಇಲ್ಲ, ಗುರುಗಳೇ."

"ಸರಿ ಬಿಡು." ಆರಾಧ್ಯರು ತುಂಡುಗಳನ್ನೆಲ್ಲ ಎತ್ತಿ ಮೂಲೆಗೆ ಹಾಕಿದರು. "ಉಜ್ಜುವ ಮೊದಲು ಅಲ್ಲಿ ಏನಿತ್ತು?"

"ತುಕ್ಕು."

"ತುಕ್ಕಿನ ಕೆಳಗೆ? ಮಾಲು ತಗೊಳ್ಳುವವನು ನೀನು. ಕಣ್ಣು ಮುಚ್ಚಿಕೊಂಡು ಉಜ್ಜಿರಲಾರೆ."

ಧರಣೇಂದ್ರ ಕಣ್ಣು ಮುಚ್ಚಿದ. ಮಾಲಿನ ಗುಣ ಮರೆತರೂ ಅದರ ಕೊರತೆಯನ್ನು ಮರೆಯುವ ವ್ಯಾಪಾರಿಯಿಲ್ಲ.

"ಸಣ್ಣ ಸಣ್ಣ ಗೆರೆ ಇದ್ದವು. ಹೌದು, ಇದ್ದವು. ಸವೆತ ಅಂದುಕೊಂಡೆ. ಅದರಲ್ಲಿ ಒಂದು ಮಾತ್ರ ದಪ್ಪ. ಕೊನೆಯ ಏಳು ಇದೆಯಲ್ಲ, ಅದರ ಬಾಲದ ಕೆಳಗೆ ಹಾದು ಹೋಗಿತ್ತು. ಯಾರೋ ಗೀರಿದ್ದಾರೆ, ಮಾಲಿನ ಅಂದ ಕೆಡುತ್ತೆ ಅಂತ ಅದನ್ನೇ ಜಾಸ್ತಿ ಉಜ್ಜಿದೆ."

"ಎಲ್ಲಿಗೆ ಹಾದು ಹೋಗಿತ್ತು?"

"ನೇರ ಹಿಂದಕ್ಕೆ. ಹೆಡ್ಡಿನ ಅಡಿಗೆ."

ಆರಾಧ್ಯರು ತಲೆಯೆತ್ತಿದರು.

"ಯಂತ್ರದ ಅಲಗಿನಲ್ಲಿ ಒಂದು ಹಲ್ಲು ಮುಕ್ಕಾಗಿದ್ದರೆ ಹಾಗೆ ದಪ್ಪ ಗೆರೆ ಬೀಳುತ್ತೆ," ಎಂದರು ನಿಧಾನವಾಗಿ. "ಆ ಯಂತ್ರ ನಂಬರಿನ ಪಟ್ಟಿಯನ್ನ ಬೇರೆ, ಹೆಡ್ ಕೂರುವ ಜಾಗವನ್ನ ಬೇರೆ ಹೆರೆಯಲ್ಲ. ಒಂದೇ ಎಳೆತ, ಈ ತುದಿಯಿಂದ ಆ ತುದಿಗೆ."

ಧರಣೇಂದ್ರನಿಗೆ ಒಮ್ಮೆಲೇ ಅರ್ಥವಾಯಿತು. ಎದ್ದೇಬಿಟ್ಟ.

"ಹಾಗಾದರೆ ಹೆಡ್ ಬಿಚ್ಚಿದರೆ ಗೆರೆ ಕೆಳಗಿದೆ! ಸ್ಪ್ಯಾನರ್ ತರ್ತೀನಿ."

"ಕೂತುಕೋ. ನೋಡಿದ ಮೇಲೆ ಹೇಳಿದ್ದಕ್ಕೆ ಯಾವ ಬೆಲೆಯೂ ಇಲ್ಲ. ಮೊದಲು ಬರಿ. ಏನು ಕಂಡೆ, ಎಲ್ಲಿ ಕಂಡೆ. ಬರೆದು ಸಂಘದವರ ಕೈಗೆ ಕೊಟ್ಟು, ಅವರ ಎದುರಿಗೇ ಬಿಚ್ಚೋಣ."

ಧರಣೇಂದ್ರ ಕಾಗದ ತೆಗೆದುಕೊಂಡ. ಕಂಡದ್ದನ್ನು ಬರೆದ. ಏಳರ ಬಾಲ, ದಪ್ಪ ಗೆರೆ, ಹೆಡ್ಡಿನ ಕಡೆಗೆ. ತಂದುಕೊಟ್ಟ.

ಆರಾಧ್ಯರು ಓದಿ ವಾಪಸು ಕೊಟ್ಟರು.

"ಮೊದಲನೇ ಸಾಲು ಇಲ್ಲವಲ್ಲ?"

"ಯಾವುದು?"

"ನಾನು ಉಜ್ಜಿದೆ ಅನ್ನೋದು."

"ಗುರುಗಳೇ, ಅದನ್ನ ಬರೆದರೆ ಊರೆಲ್ಲ ಓದುತ್ತೆ. ನಂಬರ್ ಉಜ್ಜಿದ ಧರಣೇಂದ್ರ ಅಂತಲೇ ಹೆಸರು ನಿಲ್ಲುತ್ತೆ. ಆಮೇಲೆ ಯಾರು ನನ್ನ ಕೈಗೆ ಕಾರು ಕೊಡ್ತಾರೆ? ಅಂಗಡಿ ಬಾಗಿಲು ಹಾಕಿಕೊಂಡು ಹೋಗೋದೇ."

"ಹಾಗಾದರೆ ಗೆರೆ ಹೇಗೆ ಹೋಯಿತು ಅಂತ ಬರೀತೀಯಾ? ಗಾಳಿಗೆ?"

ಅವನು ಕಾಗದ ಹಿಡಿದು ದಂಡೆಯ ಮೇಲೆ ಹೋಗಿ ಕೂತ. ಕಾರು ಶೆಡ್ಡಿನ ಬಾಗಿಲಲ್ಲಿ ಬಿಸಿಲಿಗೆ ಮೂತಿ ಒಡ್ಡಿ ನಿಂತಿತ್ತು. ಎಷ್ಟು ಕೈ ದಾಟಿ, ಎಷ್ಟು ದಾರಿ ಸವೆಸಿ ಬಂದಿತ್ತು. ಅಷ್ಟು ಕಾಲವೂ ಉಳಿದುಬಂದ ಸಾಕ್ಷಿ ತನ್ನ ಕೈಯಲ್ಲಿ ಒಂದು ಮಧ್ಯಾಹ್ನಕ್ಕೆ ಹೋಗಿತ್ತು.

ಹೊಸ ಕಾಗದ ತೆಗೆದುಕೊಂಡ. ಮೊದಲನೆಯ ಸಾಲು ಬರೆಯಲು ಉಳಿದೆಲ್ಲ ಸಾಲುಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಆರಾಧ್ಯರು ಹೇಳಿ ಕಳಿಸಿದರು. ದೇಚಮ್ಮ ಬಂದಳು. ಸಂಘದ ಕಾರ್ಯದರ್ಶಿ ಅಲೋಶಿಯಸ್ ಬಂದ. ಇಸ್ತ್ರಿ ಮುರಿಯದ ಅಂಗಿಯ, ಯಾರ ಮುಲಾಜಿಗೂ ಬೀಳದ ಮನುಷ್ಯ.

"ಓದು," ಎಂದರು ಆರಾಧ್ಯರು.

ಧರಣೇಂದ್ರ ನಿಂತುಕೊಂಡು ಓದಿದ.

"ಈ ಕಾರಿನ ಎಂಜಿನ್ ನಂಬರಿನ ಪಟ್ಟಿಯನ್ನು ಗುರುಗಳ ಮಾತು ಮೀರಿ ಎಮರಿ ಪೇಪರಿನಿಂದ ಉಜ್ಜಿ, ಅದರ ಮೇಲಿದ್ದ ಕಾರ್ಖಾನೆಯ ಗೆರೆಗಳನ್ನು ಅಳಿಸಿದವನು ನಾನು, ಧರಣೇಂದ್ರ..."

ಮುಂದಿನದನ್ನು ದೇಚಮ್ಮ ಕೇಳಲಿಲ್ಲ.

"ಏನಂದಿರಿ?"

"ಉಜ್ಜಿದೆ, ಅಮ್ಮಾ."

"ಯಾರನ್ನ ಕೇಳಿ ಉಜ್ಜಿದಿರಿ? ಸಾಹುಕಾರ್ರೇ, ನಾಳೆ ನಿಮ್ಮ ಅಂಗಡಿಗೆ ಬಂದು ನಿಮ್ಮಪ್ಪನ ಫೋಟೋದ ಮುಖ ಉಜ್ಜಿ ಬೆಳ್ಳಗೆ ಮಾಡಲಾ? ಚೆನ್ನಾಗಿ ಹೊಳೆಯುತ್ತೆ!"

ಧರಣೇಂದ್ರ ತಲೆ ತಗ್ಗಿಸಿ ನಿಂತ. ಅವಳು ಆರಾಧ್ಯರ ಕಡೆ ತಿರುಗಿದಳು.

"ಇಂಥ ಕೋತೀನ ಯಾಕೆ ಸಾಕಿಕೊಂಡಿದ್ದೀರಿ ನೀವು?"

"ಓದಿ ಮುಗಿಸಲಿ, ತಾಯಿ. ಆಮೇಲೆ ಬೈಯಿರಿ. ನಾನೂ ಸೇರಿಕೊಳ್ಳುತ್ತೇನೆ."

ಅವನು ಓದಿ ಮುಗಿಸಿದ. ಏಳರ ಬಾಲ, ದಪ್ಪ ಗೆರೆ, ನೇರ ಹೆಡ್ಡಿನ ಅಡಿಗೆ. ಆರಾಧ್ಯರು ಒಂದೇ ಎಳೆತದ ವಿಷಯ ವಿವರಿಸಿದರು. ಅಲೋಶಿಯಸ್ ಕಾಗದ ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿದ.

"ಸಾರ್, ನೇರವಾಗಿ ಹೇಳ್ತೀನಿ," ಎಂದ. "ಇವರು ಉಜ್ಜಿದ್ದೇ ನಿಜ ಅಂತ ನಾನು ಯಾಕೆ ನಂಬಬೇಕು? ಮೊದಲೇ ಯಾರೋ ಉಜ್ಜಿ ನಂಬರ್ ಹೊಡೆದಿರಬಹುದು. ಈಗ ಇವರು ತಪ್ಪು ತಮ್ಮ ಮೇಲೆ ಹಾಕಿಕೊಂಡು ಕಾರನ್ನ ಉಳಿಸುತ್ತಿರಬಹುದು."

"ಇವನು ವ್ಯಾಪಾರಿ, ಅಲೋಶಿಯಸ್," ಎಂದರು ಆರಾಧ್ಯರು. "ಇನ್ನೊಬ್ಬರ ನಷ್ಟಾನ ಹಾಗೆ ಸುಮ್ಮನೆ ಮನೆಗೆ ತರುವವನಲ್ಲ. ಆದರೂ ನಂಬಬೇಡ. ಹೆಡ್ ಬಿಚ್ಚಿ ನೋಡು. ಅವನು ಹೇಳಿದ ಜಾಗದಲ್ಲಿ ದಪ್ಪ ಗೆರೆ ಇದ್ದರೆ, ಮುಚ್ಚಿದ ಹೆಡ್ಡಿನ ಅಡಿ ಇರೋದು ಅವನಿಗೆ ಹೇಗೆ ಗೊತ್ತಾಯಿತು ಅಂತ ನೀನೇ ಯೋಚನೆ ಮಾಡು."

ದೇಚಮ್ಮ ಕಾರಿನ ಹತ್ತಿರ ಹೋದಳು. ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಹೆಡ್ ಕೆಳಗಿನ ಜಾಗವನ್ನೂ ಯಾವಾಗಲೋ ಯಾರೋ ಹೆರೆಸಿದ್ದರೆ? ಅಪ್ಪನ ಕಾಲದಿಂದ ಇದನ್ನ ಬಿಚ್ಚಿಲ್ಲ. ಅದಕ್ಕೂ ಮೊದಲು ಏನಾಗಿತ್ತೋ ನನಗೆ ಗೊತ್ತಿಲ್ಲ."

"ಹಾಗಾಗಿದ್ದರೆ ಗೆರೆ ಇರಲ್ಲ. ಆಗ ಗೊತ್ತಿಲ್ಲ ಅಂತ ಬರೀತೀನಿ."

"ಗೊತ್ತಿಲ್ಲ ಅಂತ ನೀವು ಬರೆದರೆ ನಕಲಿ ಅಂತ ಊರು ಓದುತ್ತೆ."

"ಓದುತ್ತೆ."

"ಬಿಚ್ಚದೇ ಬಿಟ್ಟರೆ?"

"ಆಗಲೂ ಗೊತ್ತಿಲ್ಲ ಅಂತಲೇ ಬರೀತೀನಿ. ಆದರೆ ಆಗ ನಿಮಗೂ ಒಂದು ಸಣ್ಣ ಆಸೆ ಉಳಿದಿರುತ್ತೆ."

ಅವಳು ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದಳು.

"ಪುಣೆಯವರು ಬಿಚ್ಚೋಕೆ ಬಿಟ್ಟರಾ?"

"ಕೇಳಿದೆ. ಬಿಡಲಿಲ್ಲ. ಅವರ ತಪ್ಪು ಅನ್ನೋಕೂ ಆಗಲ್ಲ, ಅವರಿಗೂ ಯಾರೋ ಮಾರಿರಬಹುದು."

"ಹಾಗಾದರೆ ನನ್ನದನ್ನ ಬಿಚ್ಚಿ," ಎಂದಳು ದೇಚಮ್ಮ. ಕೀಲಿಯನ್ನು ಮೇಜಿನ ಮೇಲೆ ಇಟ್ಟಳು. "ಅಪ್ಪ ರನ್‌ವೇ ಮೇಲೆ ನಿಂತು ಇಷ್ಟು ಹೊತ್ತು ಯೋಚನೆ ಮಾಡಿದ್ದರೆ ಒಂದು ರೇಸೂ ಗೆಲ್ಲುತ್ತಿರಲಿಲ್ಲ."

ಧರಣೇಂದ್ರ ತನ್ನ ವ್ಯಾಪಾರದಲ್ಲಿ ಬಹಳ ಜನರನ್ನು ನೋಡಿದ್ದ. ಇದ್ದ ಸಣ್ಣ ಆಸೆಯನ್ನೂ ಹೀಗೆ ಹಗಲು ಬೆಳಕಲ್ಲಿ ಮೇಜಿನ ಮೇಲಿಟ್ಟವರನ್ನು ನೋಡಿರಲಿಲ್ಲ.

"ನೀನೇ ಬಿಚ್ಚು," ಎಂದರು ಗುರುಗಳು ಅವನಿಗೆ.

ಬೋಲ್ಟುಗಳು ಒಂದೊಂದಾಗಿ ಕಿರುಗುಟ್ಟುತ್ತ ಸಡಿಲಾದವು. ಹೆಡ್ ಅಂಟಿಕೊಂಡಿತ್ತು. ಮರದ ಸುತ್ತಿಗೆಯಲ್ಲಿ ಮೆಲ್ಲನೆ ತಟ್ಟಿದ. ಅಲೋಶಿಯಸ್ ಇಸ್ತ್ರಿಯ ಅಂಗಿಯ ತೋಳು ಮಡಚಿ ಕೈ ಕೊಟ್ಟ. ಇಬ್ಬರೂ ಸೇರಿ ಎತ್ತಿ ಕೆಳಗಿಟ್ಟರು.

ಅಡಿಯಲ್ಲಿ ಬ್ಲಾಕಿಗೂ ಹೆಡ್ಡಿಗೂ ನಡುವೆ ಹಾಸುವ ಕರಿ ಗ್ಯಾಸ್ಕೆಟ್ಟು, ಅದರ ಅಡಿಯಲ್ಲಿ ಕರಿ ಮಸಿ. ಏನೂ ಕಾಣಿಸಲಿಲ್ಲ.

ಧರಣೇಂದ್ರನ ಕೈ ತಾನಾಗಿಯೇ ಮುಂದೆ ಹೋಯಿತು. ನಡುವೆಯೇ ನಿಂತಿತು.

"ಒರೆಸಲಾ, ಗುರುಗಳೇ?"

"ಸೀಮೆಎಣ್ಣೆ ಹಾಕಿ, ಮೆತ್ತನೆ ಬಟ್ಟೆಯಲ್ಲಿ. ಅಷ್ಟೇ."

ಅವನು ಒರೆಸಿದ. ಮಗುವಿನ ಮುಖ ಒರೆಸುವ ಹಾಗೆ ಒರೆಸಿದ. ಆಮೇಲೆ ತಾನು ನೋಡದೆ ಭೂತಗನ್ನಡಿಯನ್ನು ಅಲೋಶಿಯಸ್ ಕೈಗೆ ಕೊಟ್ಟು ಆಚೆ ಸರಿದ.

ಅಲೋಶಿಯಸ್ ಬಾಗಿದ. ಟಾರ್ಚನ್ನು ಓರೆಯಾಗಿ ಹಿಡಿದ. ಜೇಬಿನಿಂದ ಕಾಗದ ತೆಗೆದು ಓದಿ, ಮತ್ತೆ ಬಾಗಿದ. ಏಳರ ಬಾಲದಿಂದ ಹಿಂದಕ್ಕೆ ಬೆರಳು ಸರಿಸಿದ.

ದೇಚಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಗೆರೆಗಳಿವೆ," ಎಂದ. "ಬಾಚಿದ ಹಾಗೆ."

"ದಪ್ಪದ್ದು?" ಎಂದಳು ದೇಚಮ್ಮ.

ಅವನು ಮತ್ತೊಮ್ಮೆ ನೋಡಿದ. ಎದ್ದು ನಿಂತ. ಅಂಗಿಗೆ ಮಸಿ ಮೆತ್ತಿದ್ದು ಅವನ ಗಮನಕ್ಕೇ ಬರಲಿಲ್ಲ.

"ಇದೆ, ಮೇಡಂ. ಇವರು ಬರೆದ ಜಾಗದಲ್ಲೇ. ಏಳರ ನೇರಕ್ಕೆ, ಆ ತುದಿಯ ತನಕ. ಅಂದರೆ ನಂಬರಿನ ಪಟ್ಟಿಯ ಮೇಲೂ ಈ ಗೆರೆ ಇತ್ತು. ಈ ಮಹಾರಾಯರು ಕೈ ಹಾಕುವ ತನಕ ಅದನ್ನ ಯಾರೂ ಉಜ್ಜಿರಲಿಲ್ಲ. ನಂಬರು ಕಾರ್ಖಾನೆಯದೇ. ಇದೇ ಮೇದಪ್ಪನವರ ಕಾರು."

ದೇಚಮ್ಮ ತಾನೂ ಬಾಗಿ ನೋಡಿದಳು. ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಬಾನೆಟ್ಟಿನ ಅಂಚನ್ನು ತಟ್ಟಿದಳು.

"ನಿನ್ನ ಕಾರಿನ ಹೊಟ್ಟೆ ಕೊಯ್ಸಿದೆ, ಅಪ್ಪಾ. ಬೈಬೇಡ."

ಆಮೇಲೆ ಧರಣೇಂದ್ರನ ಕಡೆ ತಿರುಗಿದಳು.

"ಸಾಹುಕಾರ್ರೇ, ನಿಮ್ಮನ್ನ ನಾನು ಕ್ಷಮಿಸಿಲ್ಲ."

"ಗೊತ್ತು, ಅಮ್ಮಾ."

"ಆದರೆ ಹೆಡ್ ನೀವೇ ಕೂರಿಸಬೇಕು. ಇನ್ನೊಬ್ಬರ ಕೈಗೆ ಕೊಡಲ್ಲ. ಒಂದು ಸಲ ಕೆಡಿಸಿದವನು ಎರಡನೇ ಸಲ ಹೇಗೆ ಹೆದರಿ ಕೆಲಸ ಮಾಡ್ತಾನೆ ಅಂತ ನೋಡಬೇಕು."

ಅವನು ಹೊಸ ಗ್ಯಾಸ್ಕೆಟ್ ತರಿಸಿ, ಹೆದರಿ ಹೆದರಿಯೇ ಕೂರಿಸಿದ. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಪ್ರತಿ ಬೋಲ್ಟಿಗೂ ಒಂದೊಂದು ಮಾತು ಚುಚ್ಚುತ್ತ ಕಾವಲು ಕೂತಳು. ಎಂಜಿನ್ ಮತ್ತೆ ಗುಟುರು ಹಾಕಿದಾಗ ಕೊಕ್ಕರೆಗಳು ಮತ್ತೆ ಎದ್ದವು. ಕಾರು ದಂಡೆಯ ರಸ್ತೆ ಹಿಡಿದು ಹೋಯಿತು. ಸದ್ದು ಅಡಗುವ ತನಕ ಧರಣೇಂದ್ರ ಬಾಗಿಲಲ್ಲೇ ನಿಂತಿದ್ದ.

ಒಳಗೆ ಆರಾಧ್ಯರು ಸಂಘಕ್ಕೆ ಕಳಿಸುವ ವರದಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಧರಣೇಂದ್ರ ಬರೆದದ್ದೇ ಅದರ ಮೊದಲ ಹಾಳೆ. ಅದರ ಹಿಂದೆ ಅಲೋಶಿಯಸ್ ಕಂಡದ್ದು, ಅದರ ಹಿಂದೆ ಗೆರೆಯ ಚಿತ್ರ.

ಅವನು ಬಂದು ಎದುರಿಗೆ ನಿಂತ. ಕೆಮ್ಮಿದ.

"ಗುರುಗಳೇ, ಒಂದು ಮಾತು."

"ಹೇಳು."

"ಈಗ ಗೆರೆ ಸಿಕ್ಕಿತು. ಚಿತ್ರ ಇದೆ. ಅಲೋಶಿಯಸ್ ಸಹಿ ಇದೆ. ಕಾರು ಅಸಲಿ ಅಂತ ಸಾಬೀತಾಯಿತು. ದೇಚಮ್ಮನವರಿಗೂ ನೆಮ್ಮದಿ. ಇನ್ನು ಆ ಮೊದಲನೇ ಸಾಲು, ನಾನು ಉಜ್ಜಿದೆ ಅನ್ನೋದು, ಅದರ ಕೆಲಸ ಮುಗಿಯಿತಲ್ಲ? ಓದುವವರಿಗೆ ಅದರಿಂದ ಏನೂ ಹೆಚ್ಚಾಗಲ್ಲ. ನನಗೆ ಮಾತ್ರ ಪೇಟೆಯಲ್ಲಿ... ತೆಗೆದುಬಿಡಬಹುದಾ?"

ಆರಾಧ್ಯರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಚಿತ್ರ ನೋಡಿದರು. ಸಹಿ ನೋಡಿದರು. ಮೊದಲ ಹಾಳೆಗೆ ವಾಪಸು ಬಂದು, ತಮ್ಮ ಪೆನ್ನನ್ನು ತೆರೆದು ಶಿಷ್ಯನ ಕೈಗೆ ಕೊಟ್ಟರು.

"ತನಗೆ ನಷ್ಟ ಅಂತ ಗೊತ್ತಿದ್ದೂ ವ್ಯಾಪಾರಿ ಬರೆದ ಸಾಲು ಅದು. ಅದೊಂದನ್ನ ಬಿಟ್ಟು ಉಳಿದದ್ದೆಲ್ಲ ಹೊಡೆದುಹಾಕು. ಆಗಲೂ ಆ ಕಾರು ಅಸಲಿ ಅಂತ ನಾನು ನಂಬುತ್ತೇನೆ."